ಕಿಟಕಿಯಲ್ಲಿ ಬದುಕಿದ್ದ ಅಮ್ಮ

ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಮೂರನೇ ಕಿಟಕಿ ಸಂಶೋಧನಾ ವಿದ್ಯಾರ್ಥಿಗಳದ್ದು. ಅಲ್ಲಿ ಕೂರುವವರಿಗೆ ಹುಡುಗರು ಇಟ್ಟ ಹೆಸರು ಹೌದಾ ಮೇಡಂ. ಸ್ಟೈಪೆಂಡ್ ಬಂದಿಲ್ಲ ಅಂದರೆ ಹೌದಾ, ಬ್ಯಾಂಕಿನವರು ಹೆಸರೇ ತಪ್ಪು ಹಾಕಿದ್ದಾರೆ ಅಂದರೆ ಹೌದಾ, ಹಾಸ್ಟೆಲಿಗೆ ಬೆಂಕಿ ಬಿತ್ತು ಅಂದರೂ ಹೌದಾ. ಆದರೆ ಹಾಗಂದ ಮೇಲೆ ಸುಮ್ಮನೆ ಕೂರುವ ಪೈಕಿ ಅಲ್ಲ ಅವರು. ಕನ್ನಡಕ ಹಣೆಗೇರಿಸಿ ಎದ್ದು ಒಳಗೆ ಹೋಗಿ, ಯಾರ ಮೇಜಿನ ಮೇಲೆ ಕಡತ ಗೊರಕೆ ಹೊಡೆಯುತ್ತಿದೆಯೋ ಹುಡುಕಿ ಎಬ್ಬಿಸಿಕೊಂಡು ಬರುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಆ ಕಟ್ಟಡದ ಎಲ್ಲ ಕಿಟಕಿಗಳಿಗೂ ಒಪ್ಪುತ್ತಿತ್ತು, ಮೂರನೆಯದೊಂದನ್ನು ಬಿಟ್ಟು.

ಆ ಕಿಟಕಿಯ ಮುಂದೆ ನಿಂತು ಮೊಂಡಿ ತನ್ನ ಸತ್ತ ತಾಯಿಯನ್ನು ವರ್ಷಕ್ಕೂ ಮೇಲೆ ಬದುಕಿಸಿಟ್ಟಳು.

ಮೊಂಡಿ ಅನ್ನುವುದು ಅವಳ ಹೆಸರಲ್ಲ. ಹಿಡಿದ ಹಟ ಬಿಡುವವಳಲ್ಲ ಅಂತ ಅಮ್ಮ ಹಾಗೆ ಕರೆಯುತ್ತಿದ್ದಳು, ಅಮ್ಮ ಒಬ್ಬಳೇ. ಕರೆಯುವವಳು ಹೋದ ಮೇಲೆ ಆ ಹೆಸರು ಅನಾಥವಾಯಿತು. ಪಾಪ, ಇಲ್ಲಾದರೂ ಉಳಿಯಲಿ ಅಂತ ನಾವು ಅದನ್ನೇ ಇಟ್ಟುಕೊಳ್ಳೋಣ.

ಮೊಂಡಿಯ ಸಂಶೋಧನೆ ಕಲ್ಲುಹೂವಿನ ಮೇಲೆ. ಹಳೇ ಗೋಡೆ, ಬಂಡೆಗಳ ಮೇಲೆ ಬೂದಿ ಬಣ್ಣಕ್ಕೋ ಹಳದಿ ಬಣ್ಣಕ್ಕೋ ಚಿಬ್ಬಿನ ಹಾಗೆ ಹರಡಿಕೊಂಡಿರುತ್ತದಲ್ಲ, ಅದೇ. ವರ್ಷಕ್ಕೆ ಒಂದು ಅಕ್ಕಿಕಾಳಿನ ದಪ್ಪ ಬೆಳೆದರೆ ಹೆಚ್ಚು. ಊರಿನ ಗಾಳಿ ಕೆಟ್ಟಷ್ಟೂ ಅದು ಇನ್ನೂ ನಿಧಾನ. ಹಾಗಾಗಿ ಯಾವ ಕಲ್ಲಿನ ಮೇಲೆ ಎಷ್ಟು ಹರಡಿದೆ ಅಂತ ಅಳೆದರೆ ಊರಿನ ಗಾಳಿ ಯಾವಾಗಿನಿಂದ ಕೆಟ್ಟಿತು ಅಂತ ಹೇಳಬಹುದು. ಆದರೆ ಕಲ್ಲಿಗೆ ಎಷ್ಟು ವಯಸ್ಸಾಯಿತು ಅಂತ ಮೊದಲು ಗೊತ್ತಿರಬೇಕು. ತನ್ನ ವಯಸ್ಸನ್ನು ಮೈಮೇಲೆ ಬರೆದುಕೊಂಡು ನಿಂತಿರುವ ಕಲ್ಲು ಸಿಗುವುದು ಸ್ಮಶಾನದಲ್ಲಿ. ಊರಾಚೆಯ ಸ್ಮಶಾನದಲ್ಲಿ ತಾರೀಕಿಲ್ಲದ ಕಲ್ಲು ನಿಲ್ಲಿಸುವ ಹಾಗಿಲ್ಲ ಅಂತ ಹಳೇ ಕಟ್ಟಳೆ ಬೇರೆ ಇತ್ತು. ಆದ್ದರಿಂದ ಮೊಂಡಿಯ ಪ್ರಯೋಗಶಾಲೆ ಅದೇ ಆಯಿತು.

ಅಲ್ಲಿ ಕಲ್ಲು ಕೆತ್ತುವ ಮುದುಕನೊಬ್ಬ ಇದ್ದ, ಉಳಿತಾತ ಅಂತ. ಕೆತ್ತುವುದು, ಹೂಳುವುದು, ನಾಯಿ ಓಡಿಸುವುದು ಎಲ್ಲ ಅವನೇ. ಮೊದಲ ದಿನವೇ ಮೊಂಡಿ ಅವನನ್ನು ಕೇಳಿದ್ದಳು.

"ತಾತ, ಈ ತಾರೀಕುಗಳನ್ನೆಲ್ಲ ನಂಬಬಹುದಾ?"

"ಬದುಕಿರೋರ ವಯಸ್ಸಲ್ಲಿ ಸುಳ್ಳು ಹೇಳ್ತಾರಮ್ಮ. ಸತ್ತ ದಿನದಲ್ಲಿ ಯಾರು ಹೇಳ್ತಾರೆ?"

ಈ ಮಾತನ್ನೇ ಅವಳು ಗಂಭೀರ ಭಾಷೆಗೆ ತಿರುಗಿಸಿ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಬರೆದಳು. ಜೊತೆಗೆ ಇನ್ನೊಂದು ಉಪಾಯವನ್ನೂ ಕಂಡುಕೊಂಡಳು. ಅಲ್ಲಿ ಸಾಲಾಗಿ, ಬಂದವರನ್ನು ಬಂದ ಹಾಗೆ ಹೂಳುತ್ತಾರೆ. ಅಕ್ಕಪಕ್ಕದ ಕಲ್ಲುಗಳ ಜೊತೆ ತಾಳೆ ನೋಡಿದರೆ ಯಾವ ತಾರೀಕು ತಪ್ಪು ಅಂತ ತಕ್ಷಣ ಸಿಕ್ಕಿಬೀಳುತ್ತದೆ. ಗೈಡಿಗೆ ಈ ಉಪಾಯ ಬಹಳ ಹಿಡಿಸಿತ್ತು.

ಅಮ್ಮನಿಗೆ ಮಾತ್ರ ಇದೆಲ್ಲ ತಮಾಷೆ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಫ್ಯಾಕ್ಟರಿಯಲ್ಲಿ ಮಂಡಿ ಸವೆಯುವವರೆಗೆ ಮೆಷಿನ್ ತುಳಿದು ಮಗಳನ್ನು ಓದಿಸಿದವಳು ಅವಳು. ನಿವೃತ್ತಳಾದ ಮೇಲೆ ಕುಂಟುತ್ತಾ ಸ್ಮಶಾನಕ್ಕೂ ಬರುತ್ತಿದ್ದಳು. ಮಗಳು ಅಳೆಯುವಾಗ ಕಲ್ಲಿನ ಮೇಲೆ ನೆರಳು ಬೀಳುವ ಹಾಗೆ ಕೊಡೆ ಹಿಡಿಯುವುದು ಅವಳ ಕೆಲಸ.

"ಬೇರೆಯವರ ಮಕ್ಕಳು ಓದಿ ಬದುಕಿರೋರ ಹತ್ರ ಸಂಬಳ ತಗೋತಾರೆ. ನನ್ನ ಮಗಳು ಇವರ ಹತ್ರ ಏನು ತಗೋತಾಳೋ," ಅಂತ ಕಲ್ಲುಗಳ ಕಡೆ ನೋಡಿ ಹೇಳುವಳು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ."

ಮಾತು ತಮಾಷೆಗೆ ಬಂದದ್ದಾದರೂ ಸುಳ್ಳಲ್ಲ. ಫೆಲೋಶಿಪ್ ಕೊಡುತ್ತಿದ್ದದ್ದು ಮೂರು ವರ್ಷಕ್ಕೆ. ಮೂರು ವರ್ಷದಲ್ಲಿ ಮುಗಿಸು ಅಂತ ನಿಯಮ ಬರೆದ ಪುಣ್ಯಾತ್ಮ ತನ್ನ ಜನ್ಮದಲ್ಲಿ ಕಲ್ಲುಹೂವು ನೋಡಿದವನಲ್ಲ. ನಾಲ್ಕನೇ ವರ್ಷಕ್ಕೆ ಕಾಲಿಟ್ಟಾಗ ಮೊಂಡಿ ಕಂಡ ಕಂಡ ಬಾಗಿಲು ಬಡಿದಳು. ಪಾಠದ ಸಹಾಯಕರ ಕೆಲಸ ಕೇಳಿದರೆ ಅದು ಹೊಸಬರಿಗೆ ಅಂದರು. ಒಂದು ಪ್ರತಿಷ್ಠಾನದವರು ಕೊಡಲು ತಯಾರಿದ್ದರು, ಆದರೆ ಅವಳಿಗೆ ವಯಸ್ಸು ಮೀರಿತ್ತು. ಇನ್ನೊಂದರವರಿಗೆ ವಯಸ್ಸಿನ ತಕರಾರಿಲ್ಲ, ವಿಷಯ ಔಷಧಿಗೆ ಸಂಬಂಧಪಟ್ಟಿರಬೇಕಷ್ಟೆ. ಬ್ಯಾಂಕಿನ ಸಾಲಕ್ಕೆ ಆಸ್ತಿ ಇರುವ ಜಾಮೀನುದಾರ ಬೇಕು. ಆಸ್ತಿ ಇರುವವರು ಗೊತ್ತಿದ್ದರೆ ಸಾಲ ಯಾಕೆ ಬೇಕಿತ್ತು? ವಿದೇಶಕ್ಕೆ ಹೋಗಿ ಪ್ರಬಂಧ ಓದಿಬರಲು ವಿಮಾನದ ಖರ್ಚು ಕೊಡುತ್ತೇವೆ ಅಂದವರೊಬ್ಬರು ಸಿಕ್ಕರು. ಊರಲ್ಲಿ ಇದ್ದು ಊಟ ಮಾಡುವ ಖರ್ಚು ಯಾರೂ ಕೊಡುವುದಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಹೌದಾ ಮೇಡಂ.

"ಮನೇಲಿ ಯಾರಿದ್ದಾರೆ?"

"ಅಮ್ಮ ಒಬ್ಬರೇ. ನನ್ನ ಜೊತೆ ಇದ್ದಾರೆ."

"ಹೌದಾ? ಹಾಗಾದ್ರೆ ಅವಲಂಬಿತರ ಭತ್ಯೆಗೆ ಹಾಕಬಹುದಲ್ಲ. ನಿನ್ನನ್ನೇ ನಂಬಿಕೊಂಡಿರೋ ತಾಯಿ ಇದ್ರೆ ಪ್ರಬಂಧ ಕೊಡೋವರೆಗೂ ತಿಂಗಳು ತಿಂಗಳು ಬರುತ್ತೆ. ಕ್ಯಾಂಪಸ್ಸಲ್ಲಿ ಫ್ಯಾಮಿಲಿ ಕ್ವಾರ್ಟರ್ಸೂ ಸಿಗುತ್ತೆ. ಅಮ್ಮನ್ನ ಒಂದು ಸಲ ಕರ್ಕೊಂಡು ಬಾ, ಮುಖ ನೋಡಿ ಬರ್ಕೋಬೇಕು."

ಅಮ್ಮ ಬಂದಳು. ಮೇಡಂ ಬರೆದುಕೊಳ್ಳುತ್ತಿದ್ದಾಗ ಅಮ್ಮನ ಕಣ್ಣು ಅವರ ನೀಲಿ ಸ್ವೆಟರಿನ ಮೇಲೆಯೇ ಇತ್ತು. ಅದರಲ್ಲೊಂದು ಗುಂಡಿ ಒಂದೇ ದಾರಕ್ಕೆ ಜೋತಾಡುತ್ತಿತ್ತು. ಅಮ್ಮನಿಗೆ ತಡೆಯಲಿಲ್ಲ. ಚೀಲದಿಂದ ಸೂಜಿದಾರ ತೆಗೆದು, ಕಿಟಕಿಯ ಕಂಡಿಯೊಳಗೆ ಕೈ ತೂರಿಸಿ, ಮೇಡಂ ತೊಟ್ಟಿದ್ದ ಹಾಗೆಯೇ ಗುಂಡಿ ಹೊಲಿದು, ಬಗ್ಗಿ ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಹುಡುಗರು ನಕ್ಕರು. ಮೇಡಂ ನಗಲಿಲ್ಲ. ಆ ಗುಂಡಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

ಅವತ್ತು ಮನೆಗೆ ಬರುವಾಗ ಅಮ್ಮ ರಸ್ತೆ ತುಂಬ ಹಿಗ್ಗಿದಳು. "ನೋಡಿದ್ಯಾ ಮೊಂಡಿ, ಇನ್ನು ಮೇಲೆ ನಾನೇ ನಿನ್ನ ಸ್ಕಾಲರ್‌ಶಿಪ್ಪು. ನಾನು ಉಸಿರಾಡ್ತಾ ಇರೋವರೆಗೂ ನಿನ್ನ ಹೊಟ್ಟೆಗೆ ಮೋಸ ಇಲ್ಲ."

ಉಸಿರಿನ ಮಾತು ಆಡಬಾರದಿತ್ತು. ಫ್ಯಾಕ್ಟರಿಯ ಹತ್ತಿದೂಳು ಯಾವ ಕಾಲದಿಂದಲೋ ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಚಳಿ ಶುರುವಾದಾಗ ಕೆಮ್ಮು ಹತ್ತಿತು, ಬಿಡಲಿಲ್ಲ. ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ, ಹಸಿರು ಪರದೆ ಎಳೆದ ಮೂಲೆಯಲ್ಲಿ, ಅಮ್ಮ ಮೂಗಿನ ಆಕ್ಸಿಜನ್ ನಳಿಕೆ ಸರಿಸಿ ಮಗಳನ್ನು ಹತ್ತಿರ ಕರೆದಳು.

"ಆ ಕಿಟಕಿಯವರಿಗೆ ಹೇಳಬೇಡ."

"ಏನನ್ನ?"

"ನಾನು ಹೋದದ್ದನ್ನ. ನೀನು ಬರೆದು ಮುಗಿಸೋವರೆಗೂ ನಾನು ಇದ್ದೀನಿ ಅಂತಲೇ ಇಟ್ಕೋ."

"ಸುಮ್ನಿರಮ್ಮ."

"ಮಾತು ಕೊಡೇ ಮೊಂಡಿ. ಇಷ್ಟು ವರ್ಷ ತುಳಿದದ್ದು ಅರ್ಧಕ್ಕೆ ನಿಲ್ಲಿಸೋಕಲ್ಲ."

ಮೊಂಡಿ ಮಾತು ಕೊಟ್ಟಳು. ಸಾಯುವವರು ಕೇಳಿದರೆ ಯಾರು ತಾನೆ ಇಲ್ಲ ಅಂತಾರೆ? ಎರಡು ದಿನಕ್ಕೆ ಅಮ್ಮ ಹೋದಳು. ಬಳಗ ಅಂತ ಹೇಳಿಕೊಳ್ಳಲು ದೂರದಲ್ಲೊಬ್ಬ ಸೋದರಮಾವ. ಅವನು ಫೋನಿನಲ್ಲೇ ಅತ್ತ. ಕ್ವಾರ್ಟರ್ಸಿನ ಅಕ್ಕಪಕ್ಕದವರು ಆ ತಿಂಗಳಷ್ಟೇ ಬಂದ ಹೊಸಬರು, ಅವರಿಗೆ ಅಮ್ಮನ ಮುಖವೇ ಗೊತ್ತಿರಲಿಲ್ಲ. ನೆಲ ಚಳಿಗೆ ಗಟ್ಟಿಯಾಗಿತ್ತು. ಉಳಿತಾತ ಗುದ್ದಲಿ ಎತ್ತಿ ಎತ್ತಿ ಹಾಕಿದ. ಕೊಡೆ ಹಿಡಿದು ನಿಂತಿರುತ್ತಿದ್ದವಳನ್ನು ಅದೇ ಜಾಗದಲ್ಲಿ, ಕೊನೆಯ ಸಾಲಿನಲ್ಲಿ, ಇಬ್ಬರೇ ಸೇರಿ ಮಣ್ಣು ಮಾಡಿದರು.

"ಕಲ್ಲು ಯಾವಾಗ ನಿಲ್ಲಿಸೋಣಮ್ಮ?"

"ಓದು ಮುಗೀಲಿ ತಾತ."

ಅವನಿಗೆ ಅರ್ಥವಾಗಲಿಲ್ಲ. ಅವಳಿಗೆ ಬೇರೆ ದಾರಿ ಇರಲಿಲ್ಲ. ಗೈಡು ಅಳತೆ ಪರೀಕ್ಷಿಸಲು ಆಗಾಗ ಬಂದು ಒಂದೊಂದು ಕಲ್ಲನ್ನೂ ಓದುತ್ತಿದ್ದ. ಅಮ್ಮನ ಹೆಸರು, ತಾರೀಕು ಹೊತ್ತ ಕಲ್ಲು ನಿಂತರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ನಾಲ್ಕು ವರ್ಷ ಊರವರ ಸಾವಿನ ದಿನಗಳನ್ನು ಬರೆದುಕೊಂಡವಳು ತನ್ನ ತಾಯಿಯದನ್ನು ಎಲ್ಲೂ ಬರೆಯುವ ಹಾಗಿರಲಿಲ್ಲ.

ಮನೆಗೆ ಬಂದು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ನಿಯಮ ಹುಡುಕಿದಳು. 'ಅವಲಂಬಿತರು ಮರಣ ಹೊಂದಿದಲ್ಲಿ ಭತ್ಯೆ ನಿಲ್ಲತಕ್ಕದ್ದು, ವಸತಿ ತೆರವು ಮಾಡತಕ್ಕದ್ದು.' ಅಷ್ಟು ಓದಿ, ಹಾವು ಕಂಡವಳ ಹಾಗೆ, ಮುಚ್ಚಿಬಿಟ್ಟಳು. ಸೂಚನಾ ಫಲಕದಲ್ಲಿ ಇನ್ನೊಂದು ನಿಧಿಯ ವಿಷಯ ಅಂಟಿಸಿದ್ದರು: ತಂದೆ ತಾಯಿ ತೀರಿಕೊಂಡ ವಿದ್ಯಾರ್ಥಿಗಳಿಗೆ ಅಂತ್ಯಕ್ರಿಯೆಗೆ ಸಹಾಯಧನ, ಪುರಾವೆ ತರಬೇಕು. ಅದನ್ನು ಪೂರ್ತಿ ಓದಿದಳು. ಅಮ್ಮ ಸತ್ತಿದ್ದಾಳೆ ಅಂದರೆ ಒಂದು ದಿನದ ದುಡ್ಡು, ಬದುಕಿದ್ದಾಳೆ ಅಂದರೆ ಪ್ರತಿ ತಿಂಗಳೂ ದುಡ್ಡು. ಅತ್ತ ದರಿ, ಇತ್ತ ಪುಲಿ.

ಆ ತಿಂಗಳ ಸಹಿ ಹಾಕಲು ಕಿಟಕಿಗೆ ಹೋದಾಗ ಮೇಡಂ ತಲೆ ಎತ್ತಿ ಕೇಳಿದರು. "ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಮೇಡಂ."

"ಹೌದಾ? ಮಂಡಿನೋವು?"

ಮೊಂಡಿ ಇಷ್ಟಕ್ಕೆ ತಯಾರಾಗಿ ಬಂದಿರಲಿಲ್ಲ. "ಈಗ ಪರವಾಗಿಲ್ಲ," ಅಂದಳು. "ಸ್ವಲ್ಪ ಸ್ವಲ್ಪ ನಡೀತಾರೆ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂದು ಪಿಎಚ್‌ಡಿಗೆ ಎಷ್ಟು ಹೇಳಬಹುದು ಅಂತ ಹಿರಿಯರು ಯಾರೂ ತಿಳಿಸಿಲ್ಲ. ಮುಂದಿನ ತಿಂಗಳು ಅಮ್ಮ ಪಾರ್ಕಿನ ಗೇಟಿನವರೆಗೆ ನಡೆದಳು. ಅದರ ಮುಂದಿನ ತಿಂಗಳು ಪಾರ್ಕನ್ನು ಒಂದು ಸುತ್ತು ಹಾಕಿದಳು. ಕಿಟಕಿ ಹಲಗೆಯ ಮೇಲೆ ಹಳೇ ಡಬ್ಬದಲ್ಲಿ ಗುಲಾಬಿ ಗಿಡ ನೆಟ್ಟಳು. ತರಕಾರಿಯವನ ಜೊತೆ ತೂಕಕ್ಕೆ ಜಗಳವಾಡಿ ಗೆದ್ದಳು. ಕೆಮ್ಮು ಪೂರ್ತಿ ಹೋಯಿತು. ಬದುಕಿದ್ದಾಗ ಆ ಹೆಂಗಸಿಗೆ ಸಿಗದ ಆರೋಗ್ಯವನ್ನು ಮಗಳು ಸಾವಾದ ಮೇಲೆ ಕೈಬಿಚ್ಚಿ ಕೊಟ್ಟಳು.

ಮತ್ತೆ ನಿಜ ಹೇಳಬೇಕು: ಅವಳಿಗೆ ಅದು ಹಿತವಾಗತೊಡಗಿತ್ತು. ಇಡೀ ಜಗತ್ತಿನಲ್ಲಿ ಅಮ್ಮನ ಸುದ್ದಿ ಕೇಳುವವರು ಮೇಡಂ ಒಬ್ಬರೇ. ತಿಂಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದು, ಆ ಕಂಡಿಯ ಮುಂದೆ ನಿಂತಾಗ ಮಾತ್ರ ಅವಳು 'ಅಮ್ಮ' ಅನ್ನಬಹುದಿತ್ತು. ಮುಂದಿನ ಸಲ ಏನು ಹೇಳಲಿ ಅಂತ ಸ್ಮಶಾನದಲ್ಲಿ ಅಳತೆ ಹಿಡಿಯುತ್ತಲೇ ಯೋಚಿಸುವಳು. ಒಮ್ಮೆ ಮಾತಿನ ಭರದಲ್ಲಿ "ಅಮ್ಮ ನನ್ನನ್ನ ಮೊಂಡಿ ಅಂತ ಕರೀತಾರೆ ಮೇಡಂ" ಅಂತಲೂ ಹೇಳಿಬಿಟ್ಟಳು. ಮೇಡಂ ನಕ್ಕರು. "ಹೌದಾ? ಸರಿಯಾಗೇ ಇದೆ."

ಮೇಡಂ ಕೂಡ ನಿಧಾನಕ್ಕೆ ತಮ್ಮದನ್ನು ಹೇಳಿಕೊಳ್ಳುತ್ತಾ ಬಂದರು. ಮನೆಯಲ್ಲಿ ಅವರೊಬ್ಬರೇ. ತಾಯಿ ಚಿಕ್ಕಂದಿನಲ್ಲೇ ಹೋದವಳು. ಸಂಜೆ ಹೊತ್ತು ಒಲೆ ಹಚ್ಚಲು ಬೇಜಾರಾಗಿ ಬಿಸ್ಕತ್ತು ತಿಂದು ಮಲಗುವುದುಂಟು.

"ಅಮ್ಮನ್ನ ಕೇಳು, ಹೀಗೆ ಮಾಡಿದ್ರೆ ಏನಂತಾರೆ ಅಂತ."

ಮುಂದಿನ ತಿಂಗಳು ಮೊಂಡಿ ಉತ್ತರ ತಂದಳು. "ಒಂದು ಹೊತ್ತು ಉಪವಾಸ ಮಲಗಿದ್ರೆ ಮನೆ ಗೋಡೆಗಳೂ ಹಸೀತವೆ ಅಂದ್ರು. ಏನಾದ್ರೂ ಬಿಸಿ ಮಾಡ್ಕೊಂಡು ತಿನ್ನಬೇಕಂತೆ."

"ಹೌದಾ," ಅಂದರು ಮೇಡಂ. ಆಮೇಲೆ ಕೆಲವು ದಿನ ಅವರ ಮುಖ ತುಂಬಿಕೊಂಡಂತೆ ಕಂಡಿತು.

ಬೇಸಿಗೆ ಕಳೆದು ಮತ್ತೆ ಗಾಳಿ ತಣ್ಣಗಾಗುವ ಹೊತ್ತಿಗೆ ಮೇಡಂ ಒಂದು ಪೊಟ್ಟಣ ಕೊಟ್ಟರು. ಅದೇ ನೀಲಿ ಸ್ವೆಟರು, ಮೊಣಕೈ ಹರಿದಿತ್ತು. "ಅಂಗಡಿಗೆ ಕೊಡೋಕೆ ಮನಸ್ಸಾಗಲಿಲ್ಲ. ಅಮ್ಮನಿಗೆ ಕಷ್ಟ ಆಗದಿದ್ರೆ ಮಾತ್ರ."

ಕೈಯೊಡ್ಡಿ ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ಮೊಂಡಿಗೆ ಸೂಜಿ ಹಿಡಿದು ಗೊತ್ತಿಲ್ಲ. "ನೀನು ಓದು, ಸೂಜಿ ನನಗಿರಲಿ" ಅಂತ ಅಮ್ಮ ಒಂದು ದಿನವೂ ಕೈಗೆ ಕೊಟ್ಟವಳಲ್ಲ. ಭಾನುವಾರ ಇಡೀ ಮಧ್ಯಾಹ್ನ ಅವಳು ಸೂಜಿ ಚುಚ್ಚದ ಹಾಗೆ ಅಮ್ಮನ ಬೆರಳುಗವಸು ತೊಟ್ಟು, ಅಮ್ಮನ ದಾರದುಂಡೆ ಬಿಚ್ಚಿ, ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಬೆರಳುಗವಸು ಅವಳ ಬೆರಳಿಗೆ ದೊಡ್ಡದಾಗಿ ಜಾರುತ್ತಿತ್ತು. ತೇಪೆ ಒಂದು ಕಡೆಗೆ ಎಳೆದುಕೊಂಡು ಸೊಟ್ಟ ಕೂತಿತು. ಅಲ್ಲೊಂದು ಇಲ್ಲೊಂದು ರಕ್ತದ ಚುಕ್ಕೆಯಾಗಿ ಅದನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದಳು.

ಮೇಡಂ ಸ್ವೆಟರು ಬಿಡಿಸಿ ಮೊಣಕೈ ತಿರುಗಿಸಿ ನೋಡಿದರು. ಕನ್ನಡಕ ಇಳಿಸಿ ಮತ್ತೆ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡಳು ಮೊಂಡಿ.

"ಅಮ್ಮನ ಕಣ್ಣು ಮಂದ ಆಗಿದೆ ಅಲ್ವಾ," ಅಂದರು ಮೇಡಂ. "ಗುಂಡಿ ಹೊಲಿದ ಕೈ ಹೇಗಿತ್ತು. ಪಾಪ, ಆ ಕಣ್ಣಲ್ಲೂ ನನಗೋಸ್ಕರ ಕೂತಿದ್ದಾರಲ್ಲ."

ಅವತ್ತಿನಿಂದ ಅವರು ಆ ಸ್ವೆಟರು ಬಿಡಲಿಲ್ಲ. ಸೆಕೆಯ ದಿನವೂ ಕುರ್ಚಿಯ ಬೆನ್ನಿಗೆ ಹಾಕಿಕೊಂಡಿರುತ್ತಿದ್ದರು, ಸೊಟ್ಟ ತೇಪೆ ಹೊರಗೆ ಕಾಣುವ ಹಾಗೆ. ಸಹಿ ಹಾಕುವಾಗ ಮೊಂಡಿ ಆ ಕಡೆ ನೋಡುತ್ತಿರಲಿಲ್ಲ.

ಮುಗಿಸಿಬಿಡೋಣ ಅಂದರೆ ಗೈಡು ಬಿಡಲಿಲ್ಲ. ಕರಡನ್ನು ತೂಗಿ ನೋಡಿ, "ಇನ್ನೊಂದು ಚಳಿಗಾಲದ ಅಳತೆ ಸೇರಿದ್ರೆ ಗಟ್ಟಿಯಾಗುತ್ತೆ" ಅಂದ. ಅವನಿಗೇನು, ಅವನ ಸಂಬಳ ಕಲ್ಲುಹೂವಿನ ಹಾಗಲ್ಲ, ತಾನಾಗೇ ಬೆಳೆಯುತ್ತದೆ. ಅಮ್ಮ ಇನ್ನೊಂದು ಚಳಿಗಾಲ ಬದುಕಬೇಕಾಯಿತು. ಅಮ್ಮ ಹೋಗಿ ವರ್ಷ ತುಂಬಿದ ದಿನ ಮೊಂಡಿ ಪ್ರಯೋಗಾಲಯದಲ್ಲಿ ಎಲ್ಲರ ಜೊತೆ ಚಹಾ ಕುಡಿದಳು. ಯಾರೋ ಜೋಕು ಹೇಳಿದರು, ನಕ್ಕಳು. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು, ಅಳು ಬರುತ್ತದೇನೋ ಅಂತ ಕಾದಳು. ಬರಲಿಲ್ಲ. ಬದುಕಿರುವವಳಿಗಾಗಿ ಅಳುವುದು ಹೇಗೆ?

ಅಂತೂ ಪ್ರಬಂಧ ಕೊಟ್ಟಾಯಿತು, ಮೌಖಿಕ ಪರೀಕ್ಷೆಯೂ ಆಯಿತು. "ತಾರೀಕುಗಳ ಸಾಚಾತನ ಹೇಗೆ ಗೊತ್ತು?" ಅಂತ ಪರೀಕ್ಷಕರೊಬ್ಬರು ಕೇಳಿದರು. ಸಾಲಿನ ಉಪಾಯ ಹೇಳಿದಳು. ಎಲ್ಲರೂ ತಲೆದೂಗಿದರು. ಮನೆ ಖಾಲಿ ಮಾಡಿ ಬೀಗದ ಕೈ ಕೊಡಲು ಕಿಟಕಿಗೆ ಹೋದಾಗ ಮೇಡಂ ಮುಖ ಅರಳಿತು.

"ಡಾಕ್ಟರಮ್ಮ. ಅಮ್ಮನಿಗೆ ಎಷ್ಟು ಖುಷಿಯಾಯ್ತೋ. ಈ ಭಾನುವಾರ ನಾನೇ ಬರ್ತೀನಿ, ಹೊಸ ಮನೆ ಎಲ್ಲಿ ಹೇಳು. ಅವರ ಮುಂದೆ ಕೂತು ಒಂದು ಲೋಟ ಕಾಫಿ ಕುಡೀಬೇಕು."

ಇಷ್ಟು ದಿನ ಬದುಕಿಸುವುದೇ ಕಷ್ಟ ಅಂದುಕೊಂಡಿದ್ದಳು. ಸಾಯಿಸುವುದು ಅದಕ್ಕಿಂತ ಕಷ್ಟ ಅಂತ ಆಗ ಗೊತ್ತಾಯಿತು. ನಿಜ ಹೇಳಬಹುದಿತ್ತು. ಪದವಿ ಪತ್ರ ಇನ್ನೂ ಕೈಗೆ ಬಂದಿರಲಿಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಅಮ್ಮನಿಗೆ ಕೊಟ್ಟ ಮಾತು ಏನಾದೀತು ಅಂತ ಹೆದರಿದಳು.

"ಅಮ್ಮ ಹೋಗಿಬಿಟ್ರು ಮೇಡಂ. ಹೋದ ಭಾನುವಾರ."

ಮೇಡಂ ಹೌದಾ ಅನ್ನಲಿಲ್ಲ. ಎದ್ದು, ಒಳಬಾಗಿಲಿಂದ ಸುತ್ತಿಕೊಂಡು ಹೊರಗೆ ಬಂದರು. ಅವರು ಎಷ್ಟು ಕುಳ್ಳಗಿದ್ದಾರೆ ಅಂತ ಮೊಂಡಿ ಅವತ್ತೇ ನೋಡಿದ್ದು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಾಗ ಅವಳನ್ನು ತಬ್ಬಿಕೊಂಡು ಅತ್ತರು. ಮೊಂಡಿ ಮರದ ಹಾಗೆ ನಿಂತಿದ್ದಳು.

"ಎಲ್ಲಿ ಮಣ್ಣು ಮಾಡಿದ್ರಿ? ನಾನು ಬರ್ತೀನಿ. ಭಾನುವಾರ ಹೇಗೂ ಅವರನ್ನ ನೋಡಬೇಕು ಅಂತಿದ್ದೆ."

ಭಾನುವಾರದೊಳಗೆ ಕಲ್ಲು ನಿಲ್ಲಬೇಕಿತ್ತು. ಉಳಿತಾತ ಕಲ್ಲು ಸಿದ್ಧಮಾಡಿ, ಹೆಸರು ಕೆತ್ತಿ, ತಾರೀಕಿಗೆ ಉಳಿ ಹಿಡಿದು ತಲೆ ಎತ್ತಿದ. ಮೊಂಡಿ ಹೋದ ಭಾನುವಾರದ ತಾರೀಕು ಹೇಳಿದಳು. ಮುದುಕ ಅವಳನ್ನೇ ನೋಡಿದ.

"ಅವತ್ತು ನೆಲ ಕಲ್ಲಾಗಿತ್ತಲ್ಲಮ್ಮ. ನನ್ನ ಕೈ ಬೊಬ್ಬೆ ಬಂದಿತ್ತು. ಹೋದ ವಾರ ಅಂತೀಯಲ್ಲ."

"ಅದೇ ಹಾಕಿ ತಾತ."

"ನಾನು ಹ್ಞೂಂ ಅಂದ್ರೂ ಕಲ್ಲಿಗೆ ಗೊತ್ತಿರುತ್ತೆ."

"ಹಾಕಿ."

ಅವನು ಕೆತ್ತಿದ. ಮೊಂಡಿ ಮಂಡಿಯೂರಿ, ಅಮ್ಮನ ಮೇಲೆ ವರ್ಷವಿಡೀ ಬೆಳೆದಿದ್ದ ಹುಲ್ಲನ್ನು ಕೈಯಿಂದಲೇ ಕಿತ್ತಳು. ಬೇರು ಆಳಕ್ಕೆ ಹೋಗಿತ್ತು. ಕಿತ್ತು, ಬೇರೆ ಕಡೆಯಿಂದ ಹಸಿಮಣ್ಣು ತಂದು ಸುರಿದು, ಗುಪ್ಪೆ ಮಾಡಿ, ತಟ್ಟಿದಳು. ಹೆತ್ತವಳನ್ನು ಎರಡನೇ ಸಲ ಹೂತ ಮಗಳು ಊರಲ್ಲಿ ಇನ್ನೊಬ್ಬಳು ಇರಲಾರಳು.

ಭಾನುವಾರ ಮೇಡಂ ಬಿಳಿ ಹೂವು ಹಿಡಿದುಕೊಂಡು ಬಂದರು. ಮೈಮೇಲೆ ನೀಲಿ ಸ್ವೆಟರು. ಹೂವು ಇಟ್ಟು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತಾ ನಿಂತರು. ಆಮೇಲೆ ಕಣ್ಣೊರೆಸಿಕೊಂಡು, ಸುಮ್ಮನೆ ನಿಲ್ಲಲಾರದೆ, ಅತ್ತಿತ್ತ ನೋಡಿದರು. ಜೀವಮಾನವೆಲ್ಲ ಕ್ರಮಸಂಖ್ಯೆ ನೋಡಿದ ಕಣ್ಣು ಅದು. ಎಡಗಡೆಯ ಕಲ್ಲು ಓದಿದರು. ಬಲಗಡೆಯದನ್ನು ಓದಿದರು. ಅದರಾಚೆಯದನ್ನೂ.

"ಈ ಕಡೆಯವರು ಹೋಗಿರೋದು ಹೋದ ವರ್ಷದ ಚಳಿಗೆ," ಅಂದರು. "ಆ ಕಡೆಯವರು ಅದಾದ ವಾರಕ್ಕೆ. ಇಲ್ಲಿ ಸಾಲು ತಪ್ಪಿಸಿ ಹೂಳ್ತಾರಾ?"

"ಇಲ್ಲ," ಅಂದಳು ಮೊಂಡಿ. ಇಷ್ಟು ವರ್ಷ ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟ ಬಾಯಿ, ತಡೆಯುವ ಮೊದಲೇ ಹೇಳಿಬಿಟ್ಟಿತು. ಊರಿನ ಕಲ್ಲನ್ನೆಲ್ಲ ಆ ಉಪಾಯದಿಂದ ಪರೀಕ್ಷೆ ಮಾಡಿದವಳಿಗೆ ಅಮ್ಮನದೂ ಒಂದು ಕಲ್ಲೇ ಅಂತ ಹೊಳೆದಿರಲಿಲ್ಲ.

"ಹೌದಾ."

ಗಾಳಿ ಬೀಸಿ ಹೂವು ಉರುಳಿತು. ಇಬ್ಬರೂ ಎತ್ತಲಿಲ್ಲ.

"ಯಾವತ್ತು ಹೋದ್ರು?"

ಮೊಂಡಿ ನಿಜವಾದ ದಿನ ಹೇಳಿದಳು. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೇಡಂ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು.

"ಹಾಗಾದ್ರೆ ಪಾರ್ಕಲ್ಲಿ ನಡೀತಿದ್ದದ್ದು?"

"ಇಲ್ಲ ಮೇಡಂ."

"ಗುಲಾಬಿ?"

"ಅದು ನಾನು ನೆಟ್ಟೆ. ಒಣಗಿಹೋಯ್ತು."

"ಬಿಸಿ ಮಾಡ್ಕೊಂಡು ತಿನ್ನು ಅಂತ ನನಗೆ ಹೇಳಿಕಳಿಸಿದ್ದು?"

"ಇದ್ದಿದ್ರೆ ಹಾಗೇ ಅಂತಿದ್ರು."

ಮೇಡಂ ಬಲಗೈಯಿಂದ ಎಡ ಮೊಣಕೈ ಹಿಡಿದುಕೊಂಡರು. "ಇದು?"

"ನಾನು ಹೊಲಿದೆ."

ಅವರು ತೇಪೆಯ ಮೇಲೆ ಬೆರಳಾಡಿಸಿದರು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. "ನನ್ನ ಹತ್ರ ಯಾಕೆ ಮುಚ್ಚಿಟ್ಟೆ?"

"ಭತ್ಯೆ ನಿಂತುಹೋಗುತ್ತೆ ಅಂತ. ವೆಬ್‌ಸೈಟಲ್ಲಿ ಹಾಗೇ ಇತ್ತು, ಮರಣ ಹೊಂದಿದಲ್ಲಿ ನಿಲ್ಲತಕ್ಕದ್ದು ಅಂತ."

"ಅದರ ಕೆಳಗಿನ ಸಾಲು ಓದಲಿಲ್ವಾ?"

ಇಲ್ಲ ಅಂತ ಮೊಂಡಿ ತಲೆಯಾಡಿಸಿದಳು.

"ಮೂರು ವರ್ಷ ದಾಟಿದೋರಿಗೆ ನಿಲ್ಲಿಸಲ್ಲ. ಪ್ರಬಂಧ ಕೊಡೋವರೆಗೂ ಮುಂದುವರಿಸ್ತಾರೆ, ಮನೆನೂ ಬಿಡಿಸಲ್ಲ. ಒಂದು ಸಹಿ ಬೇಕು, ಅಷ್ಟೆ. ನನ್ನ ಸಹಿ." ಮೇಡಂ ಧ್ವನಿ ಏರಲಿಲ್ಲ. "ಎಷ್ಟು ಜನಕ್ಕೆ ಮಾಡಿಕೊಟ್ಟಿದ್ದೀನಿ. ಬಂದು ನನ್ನಮ್ಮ ಹೋದ್ರು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಅಂತಾರೆ. ನೀನು ಅಳಲೇ ಇಲ್ವಲ್ಲೇ."

ಮೊಂಡಿ ಕಲ್ಲು ಹಿಡಿದುಕೊಂಡಳು. ಒಂದು ಸಾಲು. ಕಲ್ಲಿನ ಮೇಲಿನ ಕೂದಲೆಳೆಯಷ್ಟು ಗೆರೆಯನ್ನೂ ಭೂತಗನ್ನಡಿ ಇಟ್ಟು ನೋಡುತ್ತಿದ್ದವಳು ಒಂದು ಸಾಲು ಕೆಳಗೆ ನೋಡಿರಲಿಲ್ಲ. ಅಮ್ಮನಿಗೆ ಅಮ್ಮನ ದಿನ ಸಿಗುತ್ತಿತ್ತು, ಕಲ್ಲು ಸಿಗುತ್ತಿತ್ತು. ಮಗಳಿಗೆ ಅಳಲು ಒಂದು ಹೆಗಲು ಸಿಗುತ್ತಿತ್ತು. ಎಲ್ಲವೂ ಆ ಕಿಟಕಿಯ ಒಳಗೇ ಇತ್ತು, ಕೇಳುವವರಿಗಾಗಿ ಕಾದುಕೊಂಡು.

"ನಾನು ಯಾರಿಗೂ ಹೇಳಲ್ಲ. ಪದವಿಗೆ ಏನೂ ಆಗಲ್ಲ, ಹೆದರಬೇಡ," ಅಂದರು ಮೇಡಂ. ಹೊರಟವರು ಎರಡು ಹೆಜ್ಜೆಯಿಟ್ಟು ನಿಂತರು. "ಮೊಂಡಿ ಅಂತ ಕರೀತಾರೆ ಅಂದಿದ್ದೆ. ಅದಾದ್ರೂ ನಿಜವಾ?"

"ಅದು ನಿಜ ಮೇಡಂ."

"ಹೌದಾ," ಅಂದರು.

ಅವರು ಒಮ್ಮೆ ಹಾಗೆ ಕರೆಯಲಿ ಅಂತ ಅವಳ ಜೀವವೆಲ್ಲ ಕಿವಿಯಾಗಿತ್ತು. ಮೇಡಂ ಕರೆಯಲಿಲ್ಲ. ಸಾಲುಗಳ ನಡುವೆ ಮೆಲ್ಲಗೆ ನಡೆದು ಗೇಟಿನ ಕಡೆ ಹೋದರು. ಹೋಗುತ್ತಾ ಸ್ವೆಟರನ್ನು ಬಿಚ್ಚಿ, ಮಡಿಸಿ, ಕೈಮೇಲೆ ಹಾಕಿಕೊಂಡರು, ಅಷ್ಟು ಗಾಳಿಯಿದ್ದರೂ. ಉಳಿತಾತ ಗೇಟು ತೆರೆದು ಅವರನ್ನು ಬಿಟ್ಟು, ಮತ್ತೆ ಮುಚ್ಚಿದ ಸದ್ದು ಕೇಳಿತು.

ಆಗ ಮೊಂಡಿ ಹಸಿಮಣ್ಣಿನ ಮೇಲೆ ಕೂತು, ಸುಳ್ಳು ತಾರೀಕಿಗೆ ಹಣೆ ಹಚ್ಚಿ, ಬಾಯಿಬಿಟ್ಟು ಅತ್ತಳು. ಅತ್ತರೆ ಕೊಡುತ್ತಿದ್ದವರು, ಅಮ್ಮ, ಮೇಡಂ, ಇಬ್ಬರೂ ಹೊರಟುಹೋಗಿದ್ದರು.